ಬೆಣ್ಣೆಯ ಕಾವಲು: ಐರ್ಲೆಂಡಿನ ವಸಂತಕಾಲದ ಕೆಲವು ನಂಬಿಕೆಗಳು

ಯೂರೋಪು ಖಂಡದ ಪಶ್ಚಿಮದ ಅಂಚಿನಲ್ಲಿ, ಅಟ್ಲಾಂಟಿಕ್ ಸಾಗರದ ಗಾಳಿಮಳೆಗಳಿಗೆ ಎದೆಯೊಡ್ಡಿ ನಿಂತಿರುವ ಐರ್ಲೆಂಡ್ ದ್ವೀಪದ ಹೆಸರನ್ನು ಕೇಳಿದೊಡನೆಯೆ ನಮ್ಮ ವಿದ್ಯಾವಂತರ ಮನಸ್ಸಿಗೆ ಹೊಳೆಯುವುದು ರಾಜಕೀಯದ ಕಥೆ. ಪಾರ್ನೆಲ್ಲನ ಹೋರಾಟ, 1916ರ ಈಸ್ಟರ್ ದಂಗೆ, ಡಿ ವಲೇರನ ಹಟ, ಇವುಗಳನ್ನು ನಾವು ಕಾಲೇಜಿನ ದಿನಗಳಿಂದಲೂ ಓದಿ ಬಲ್ಲೆವು. ಆದರೆ ಒಂದು ಜನಾಂಗದ ಇತಿಹಾಸವು ಶಾಸನಸಭೆಯಲ್ಲಿ ಮಾತ್ರ ನಡೆಯುವುದಿಲ್ಲ. ಹಟ್ಟಿಯಲ್ಲಿ, ಕೊಟ್ಟಿಗೆಯಲ್ಲಿ, ಮೊಸರು ಕಡೆಯುವ ಮೂಲೆಯಲ್ಲಿಯೂ ನಡೆಯುತ್ತದೆ. ಈ ಹೊತ್ತು ನಾನು ಕೇಳುಗರನ್ನು ಕರೆದುಕೊಂಡು ಹೋಗಬೇಕೆಂದಿರುವುದು ಅಂಥ ಒಂದು ಕೊಟ್ಟಿಗೆಗೆ. ಫೆಬ್ರವರಿ ತಿಂಗಳ ಮೊದಲ ದಿನದಿಂದ ಮೇ ತಿಂಗಳ ಮೊದಲ ದಿನದವರೆಗೆ, ಎಂದರೆ ಐರಿಷ್ ರೈತನ ಲೆಕ್ಕದ ವಸಂತಕಾಲದಲ್ಲಿ, ಅಲ್ಲಿ ಏನೇನು ನಡೆಯುತ್ತಿತ್ತು, ಏನೇನು ನಡೆಯಕೂಡದಾಗಿತ್ತು ಎಂಬುದೇ ನಮ್ಮ ವಿಷಯ.

ಇಂಥ ಆಚಾರಗಳನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಒಬ್ಬರು ನಗುತ್ತಾರೆ, ಇನ್ನೊಬ್ಬರು ಮರುಳಾಗುತ್ತಾರೆ. ನಗುವವರಿಗೆ ಇದೆಲ್ಲ ಅಜ್ಞಾನ. ಮರುಳಾಗುವವರಿಗೆ ಇದೆಲ್ಲ ಕಾವ್ಯ. ಈ ಇಬ್ಬರೂ ಕೇಳದೆ ಬಿಡುವ ಪ್ರಶ್ನೆಯೊಂದಿದೆ. ಈ ನಂಬಿಕೆಗಳು ವರ್ಷದ ಯಾವ ದಿನದಲ್ಲಿ, ಮನೆಯ ಯಾವ ವಸ್ತುವಿನ ಸುತ್ತ ಹೆಣೆದುಕೊಂಡಿವೆ? ಹೀಗೆ ಕೇಳಿ ನೋಡಿದರೆ ಅವು ಎಲ್ಲೆಂದರಲ್ಲಿ ಚದರಿಲ್ಲವೆಂಬುದು ಕಾಣುತ್ತದೆ. ಅವು ಹಾಲಿನ ಸುತ್ತಲೂ ಬೆಣ್ಣೆಯ ಸುತ್ತಲೂ ಮುತ್ತಿಕೊಂಡಿವೆ. ಅದೂ ಬಡ ಒಕ್ಕಲಿನ ಬದುಕು ತಕ್ಕಡಿಗೆ ಏರುತ್ತಿದ್ದ ದಿನಗಳಲ್ಲಿಯೆ. ಆದುದರಿಂದ ಅವನ್ನು ಭಯದ ದಸ್ತಾವೇಜುಗಳೆಂದು ಓದಬಹುದು.

ಮೊದಲು ಪಂಚಾಂಗವನ್ನು ನೋಡೋಣ. ಐರಿಷ್ ಜನರ ಹಳೆಯ ವರ್ಷವು ನಾಲ್ಕು ಕಂಬಗಳ ಮೇಲೆ ನಿಂತಿತ್ತು. ನವೆಂಬರ್ 1 ಚಳಿಗಾಲದ ಆರಂಭ. ಫೆಬ್ರವರಿ 1 ವಸಂತದ ಆರಂಭ. ಮೇ 1 ಬೇಸಗೆಯ ಆರಂಭ. ಆಗಸ್ಟ್ 1 ಸುಗ್ಗಿಯ ಆರಂಭ. ಇವುಗಳಲ್ಲಿ ಫೆಬ್ರವರಿಯ ದಿನಕ್ಕೆ ಇಂಬೊಲ್ಕ್ ಎಂತಲೂ ಮೇ ತಿಂಗಳ ದಿನಕ್ಕೆ ಬೆಲ್ಟೇನ್ ಎಂತಲೂ ಪ್ರಾಚೀನ ಹೆಸರು. ಕ್ಯಾಷೆಲ್ಲಿನ ಅರಸನೂ ಬಿಷಪ್ಪನೂ ಆಗಿದ್ದು 908ರಲ್ಲಿ ಮಡಿದ ಕಾರ್ಮಕ್ ಎಂಬಾತನ ಹೆಸರಿನಲ್ಲಿ ಬಂದಿರುವ ಹಳೆಯ ನಿಘಂಟೊಂದುಂಟು. ಫೆಬ್ರವರಿಯ ಹಬ್ಬದ ಹೆಸರನ್ನು ಅದು ಕುರಿಯ ಹಾಲಿನೊಡನೆ ಸೇರಿಸಿ ಅರ್ಥ ಹೇಳುತ್ತದೆ. ಮೇ ಹಬ್ಬದ ವಿಷಯದಲ್ಲಿಯಾದರೋ, ಪುರೋಹಿತರು ಎರಡು ಬೆಂಕಿಗಳನ್ನು ಹೊತ್ತಿಸಿ, ದನಗಳನ್ನು ಅವುಗಳ ನಡುವೆ ಅಟ್ಟಿ, ವರ್ಷದ ರೋಗರುಜಿನಗಳಿಂದ ಕಾಪಾಡುತ್ತಿದ್ದರೆಂದು ತಿಳಿಸುತ್ತದೆ. ಸಾವಿರ ವರ್ಷಗಳ ಹಿಂದೆಯೇ ವಸಂತದ ಎರಡು ತುದಿಗಳಲ್ಲಿಯೂ ದನವೂ ಹಾಲೂ ನಿಂತಿದ್ದುವೆಂಬುದನ್ನು ಗಮನಿಸಬೇಕು.

ಫೆಬ್ರವರಿಯ ದಿನವು ಕ್ರೈಸ್ತ ಕಾಲದಲ್ಲಿ ಸಂತ ಬ್ರಿಜಿಡ್ಡಳ ಹಬ್ಬವಾಯಿತು. ಕಿಲ್ಡೇರಿನಲ್ಲಿ ಮಠವನ್ನು ಸ್ಥಾಪಿಸಿದಳೆಂದು ಹೇಳುವ ಈಕೆಯ ಕಾಲವನ್ನು ಸಂಪ್ರದಾಯವು ಐದನೆಯ ಶತಮಾನದ ಕೊನೆಗೂ ಆರನೆಯದರ ಮೊದಲಿಗೂ ಇಡುತ್ತದೆ. ಮೇಲೆ ಹೇಳಿದ ನಿಘಂಟಿನಲ್ಲಿ ಅದೇ ಹೆಸರಿನ ದೇವತೆಯೊಬ್ಬಳ ಉಲ್ಲೇಖವೂ ಇದೆ. ಈಕೆ ದಗ್ದನ ಮಗಳು, ಕವಿಗಳ ಅಧಿದೇವತೆ; ವೈದ್ಯಕ್ಕೂ ಕಮ್ಮಾರಿಕೆಗೂ ಒಡತಿಯರಾದ ಅದೇ ಹೆಸರಿನ ಸೋದರಿಯರು ಇಬ್ಬರು. ದೇವತೆಯು ಸಂತಳಾದಳೋ, ಸಂತಳ ಮೇಲೆ ದೇವತೆಯ ನೆರಳು ಬಿದ್ದಿತೋ, ವಿದ್ವಾಂಸರ ಚರ್ಚೆ ಇನ್ನೂ ಮುಗಿದಿಲ್ಲ. ರೈತನ ಮನೆಯಾಕೆಗೆ ಆ ಚರ್ಚೆ ಬೇಕಿರಲಿಲ್ಲ. ಅವಳ ಪಾಲಿಗೆ ಬ್ರಿಜಿಡ್ ಹಸುಗಳ ತಾಯಿ. ಜನವರಿಯ ಕೊನೆಯ ರಾತ್ರಿ ಮನೆಮನೆಯ ಮುಂದೆ ನಡೆದುಹೋಗುವ ಅತಿಥಿ.

ಆ ರಾತ್ರಿ ಮನೆಮಂದಿಯೆಲ್ಲ ಸೇರಿ ಜೊಂಡುಹುಲ್ಲನ್ನು ಹೆಣೆದು ಶಿಲುಬೆಗಳನ್ನು ಮಾಡುತ್ತಿದ್ದರು. ಒಂದನ್ನು ಮನೆಯ ಬಾಗಿಲ ಮೇಲೆ ಸಿಕ್ಕಿಸಿದರೆ ಇನ್ನೊಂದನ್ನು ಕೊಟ್ಟಿಗೆಯಲ್ಲಿ ಸಿಕ್ಕಿಸುವರು. ಒಂದು ತುಂಡು ಬಟ್ಟೆಯನ್ನೋ ನಾಡವನ್ನೋ ಹೊರಗೆ ಬಿಟ್ಟರೆ ಸಂತಳು ಹಾಯ್ದುಹೋಗುವಾಗ ಅದನ್ನು ಮುಟ್ಟುವಳೆಂದು ನಂಬಿಕೆ. ಬೆಳಗ್ಗೆ ಅದನ್ನು ಒಳಗೆ ತೆಗೆದಿಟ್ಟು, ತಲೆನೋವು ಬಂದಾಗ ಹಣೆಗೆ ಕಟ್ಟುವರು. ಹೆರಿಗೆಯ ಹೆಣ್ಣಿನ ಬಳಿ ಇಡುವರು. ಹಸು ಕರು ಹಾಕಲು ಕಷ್ಟಪಡುವಾಗ ಅದರ ಬೆನ್ನಿನ ಮೇಲೆ ಹೊದಿಸುವರು. ತಾಯಿಗೂ ಹಸುವಿಗೂ ಒಂದೇ ಬಟ್ಟೆ! ಆ ರಾತ್ರಿಯ ಊಟದಲ್ಲಿ ಬೆಣ್ಣೆ ಇರಲೇಬೇಕು. ಮಕ್ಕಳು ಹುಲ್ಲಿನ ಗೊಂಬೆಗೆ ಬಟ್ಟೆಯುಡಿಸಿ, ಬ್ರಿಜಿಡ್ ಬಂದಳೆಂದು ಸಾರುತ್ತ ಮನೆಯಿಂದ ಮನೆಗೆ ಹೋಗುವರು. ಕೆಲವು ಸೀಮೆಗಳಲ್ಲಿ ಆ ದಿನ ಯಾವ ಚಕ್ರವೂ ತಿರುಗಕೂಡದು. ನೂಲುವ ರಾಟೆ ನಿಲ್ಲಬೇಕು, ಬಂಡಿಯೂ ನಿಲ್ಲಬೇಕು.

ಇದೆಲ್ಲ ಬಹಳ ಸೊಗಸಾಗಿದೆ ಎನ್ನಿಸಬಹುದು. ಆದರೆ ಅದೇ ದಿನ ಮನೆಯ ಯಜಮಾನನು ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದನು. ಅವನು ಹುಲ್ಲಿನ ಬಣವೆಯ ಬಳಿಗೆ ಹೋಗಿ ಅಳೆದು ನೋಡುತ್ತಿದ್ದನು. ಚಳಿಗಾಲಕ್ಕೆಂದು ಕೂಡಿಟ್ಟ ಮೇವಿನಲ್ಲಿ ಅರ್ಧವಾದರೂ ಉಳಿದಿರಬೇಕು. ಆಲೂಗೆಡ್ಡೆಯ ಗುಳಿಯಲ್ಲಿಯೂ ಹಾಗೆಯೇ. ಉಳಿದಿದ್ದರೆ ಬದುಕಿದೆವೆಂದು ಅರ್ಥ. ಉಳಿಯದಿದ್ದರೆ ಮುಂದಿನ ಮೂರು ತಿಂಗಳು ಹೇಗೆಂಬ ಚಿಂತೆ ಅಂದೇ ಆರಂಭ. ಬಾಗಿಲ ಮೇಲಿನ ಶಿಲುಬೆಗೂ ಬಣವೆಯ ಅಳತೆಗೂ ಇರುವ ಸಂಬಂಧವನ್ನು ಮರೆತರೆ ಹಬ್ಬದ ಅರ್ಧವನ್ನೇ ಮರೆತಂತೆ.

ಈ ಚಿಂತೆಗೆ ಐರಿಷ್ ಜನ ಒಂದು ಕಥೆಯ ರೂಪವನ್ನು ಕೊಟ್ಟಿದ್ದಾರೆ. ಏಪ್ರಿಲ್ ತಿಂಗಳ ಮೊದಲ ಮೂರು ದಿನಗಳಿಗೆ ಅಲ್ಲಿ ಪಟ್ಟೆಹಸುವಿನ ದಿನಗಳೆಂದು ಹೆಸರು. ಮುದಿ ಹಸುವೊಂದು ಮಾರ್ಚ್ ತಿಂಗಳು ಮುಗಿದುದನ್ನು ಕಂಡು, ಇನ್ನು ತನ್ನನ್ನು ಆ ಮಾರ್ಚ್ ಏನೂ ಮಾಡಲಾರದೆಂದು ಜಂಬ ಕೊಚ್ಚಿಕೊಂಡಿತಂತೆ. ಮಾರ್ಚಿಗೆ ಕೋಪ ಬಂದು, ಏಪ್ರಿಲ್ಲಿನಿಂದ ಮೂರು ದಿನಗಳನ್ನು ಸಾಲವಾಗಿ ತೆಗೆದುಕೊಂಡು, ಆ ಚಳಿಗಾಳಿಯಲ್ಲಿ ಹಸುವನ್ನು ಕೊಂದು ಚರ್ಮವನ್ನು ಸುಲಿದುಬಿಟ್ಟಿತಂತೆ. ಕೇಳುವುದಕ್ಕೆ ಮಕ್ಕಳ ಕಥೆ. ಆದರೆ ಇದರೊಳಗಿನ ಅನುಭವವು ಮಕ್ಕಳದಲ್ಲ. ಚಳಿಗಾಲವೆಲ್ಲ ಅರೆಹೊಟ್ಟೆಯಲ್ಲಿ ಕಳೆದ ದನವು ಡಿಸೆಂಬರಿನ ಕೊರೆತವನ್ನು ತಡೆದುಕೊಂಡೂ, ಹೊಸ ಹುಲ್ಲು ಚಿಗುರುವುದಕ್ಕೆ ಎರಡು ವಾರಗಳಿವೆ ಎನ್ನುವಾಗ ಬಿದ್ದು ಸಾಯುತ್ತಿತ್ತು. ಕಷ್ಟವು ಮುಗಿಯಿತೆನ್ನುವಾಗಲೇ ಕಷ್ಟದ ಕೊನೆಯ ಹೊಡೆತವೆಂಬುದನ್ನು ಒಕ್ಕಲಿನವನು ಆ ಕಥೆಯಿಂದ ನೆನಪಿಟ್ಟುಕೊಳ್ಳುತ್ತಿದ್ದನು.

ಈ ನಡುವೆ ಬಿತ್ತನೆಯ ಕೆಲಸ ಬರುತ್ತದೆ. ಮಾರ್ಚ್ 17 ಸಂತ ಪ್ಯಾಟ್ರಿಕ್ಕನ ಹಬ್ಬ. ಅಂದು ಸಂತನು ಕಲ್ಲಿನ ಬೆಚ್ಚನೆಯ ಮಗ್ಗುಲನ್ನು ಮೇಲಕ್ಕೆ ತಿರುಗಿಸುವನೆಂದು ಮಾತು. ಅಲ್ಲಿಂದ ಮುಂದೆ ನೆಲವು ಕಾಯುತ್ತದೆ, ಆಲೂಗೆಡ್ಡೆಯನ್ನು ನೆಡಬಹುದು. ಗುಡ್ ಫ್ರೈಡೆಯ ದಿನ ಉಳುವಂತಿಲ್ಲ, ಮೊಳೆ ಹೊಡೆಯುವಂತಿಲ್ಲ, ರಕ್ತ ಸುರಿಸುವಂತಿಲ್ಲ. ಕ್ರಿಸ್ತನನ್ನು ಮೊಳೆ ಹೊಡೆದು ಕೊಂದ ದಿನವಲ್ಲವೆ? ಆದರೂ ಅದೇ ದಿನ ಒಂದು ಹಿಡಿ ಬೀಜವನ್ನು ಮಾತ್ರ ಆಶೀರ್ವಾದಕ್ಕೆಂದು ನೆಲಕ್ಕೆ ಹಾಕುವ ಪದ್ಧತಿಯಿತ್ತು. ಅಂದು ಕೋಳಿ ಇಟ್ಟ ಮೊಟ್ಟೆಗೆ ಶಿಲುಬೆಯ ಗುರುತು ಹಾಕಿ ಈಸ್ಟರ್ ಭಾನುವಾರ ತಿನ್ನುವರು.

ಇಷ್ಟರವರೆಗಿನ ಆಚಾರಗಳಲ್ಲಿ ಪ್ರಾರ್ಥನೆ ಹೆಚ್ಚು, ಸಂಶಯ ಕಡಿಮೆ. ಮೇ ತಿಂಗಳ ಹಿಂದಿನ ರಾತ್ರಿ ಬಂದಿತೆಂದರೆ ಗಾಳಿಯೇ ಬದಲಾಗುತ್ತದೆ. ಬಾಗಿಲಿಗೆ ಹಳದಿಯ ಹೂಗಳನ್ನು ಚೆಲ್ಲುವರು. ಮನೆಯ ಮುಂದೆ ಮುಳ್ಳುಗಿಡದ ಕೊಂಬೆಯನ್ನು ನೆಟ್ಟು ಮೊಟ್ಟೆಯ ಚಿಪ್ಪುಗಳಿಂದಲೂ ಬಣ್ಣದ ಚಿಂದಿಗಳಿಂದಲೂ ಸಿಂಗರಿಸುವರು. ಇದು ಹೊರಗಿನ ನೋಟ. ಒಳಗೆ ಮಾತ್ರ ಕಾವಲು. ರೋವನ್ ಮರದ ಕಡ್ಡಿಯನ್ನು ಹಸುವಿನ ಬಾಲಕ್ಕೂ ಮೊಸರು ಕಡೆಯುವ ಪಾತ್ರೆಗೂ ಕಟ್ಟುವರು. ಮರುದಿನ ಮನೆಯಿಂದ ಬೆಂಕಿಯನ್ನು ಹೊರಗೆ ಕೊಡಕೂಡದು, ಹಾಲನ್ನು ಕೊಡಕೂಡದು, ಉಪ್ಪನ್ನು ಕೊಡಕೂಡದು. ಒಲೆಯ ಬೂದಿಯನ್ನೂ ಹೊರಗೆ ಚೆಲ್ಲಕೂಡದು. ಊರಿನಲ್ಲಿ ಮೊದಲ ಹೊಗೆ ತಮ್ಮ ಮನೆಯಿಂದ ಏಳದಂತೆ ಒಲೆ ಹೊತ್ತಿಸುವುದಕ್ಕೂ ಹಿಂಜರಿಯುವರು. ಬೆಳಗಿನ ಜಾವದಲ್ಲಿ ಬಾವಿಯನ್ನು ಕಾಯುವರು. ಏತಕ್ಕೆಂದರೆ, ಬಾವಿಯ ಮೊದಲ ನೀರನ್ನು ತೆಗೆದುಕೊಂಡವಳು, ಹುಲ್ಲಿನ ಮೇಲಿನ ಮೊದಲ ಮಂಜನ್ನು ಬಟ್ಟೆಯಿಂದ ಎಳೆದುಕೊಂಡವಳು, ಇನ್ನೊಬ್ಬರ ಬೆಣ್ಣೆಯನ್ನು ವರ್ಷವೆಲ್ಲ ತನ್ನ ಕಡೆಗೆ ಸೆಳೆದುಕೊಳ್ಳಬಲ್ಲಳೆಂಬುದು ಆ ನಾಡಿನ ಅತ್ಯಂತ ಆಳವಾದ ಭಯಗಳಲ್ಲಿ ಒಂದು. ಹಸು ಹಾಲು ಕೊಡುತ್ತದೆ, ಆದರೆ ಹಾಲಿನಲ್ಲಿ ಬೆಣ್ಣೆಯಿಲ್ಲ. ಗಂಟೆಗಟ್ಟಲೆ ಕಡೆದರೂ ನೊರೆ ಮಾತ್ರ. ಬೆಣ್ಣೆ ನೆರೆಮನೆಯ ಪಾತ್ರೆಗೆ ಹೋಗಿದೆ!

ಏಕೆ ಮೇ ಒಂದನೆಯ ದಿನವೇ? ಹುಲ್ಲು ಚಿಗುರುವ ಕಾಲ, ಕರು ಹಾಕಿದ ಹಸುಗಳು ಹೆಚ್ಚಾಗಿ ಕರೆಯುವ ಕಾಲ, ದನಗಳನ್ನು ಬೆಟ್ಟದ ಗೋಮಾಳಗಳಿಗೆ ಅಟ್ಟುವ ಕಾಲವೆಂಬುದು ಒಂದು ಕಾರಣ. ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಮಾಡಿದ ಬೆಣ್ಣೆಯೇ ವರ್ಷದ ಬೆಣ್ಣೆ. ಎರಡನೆಯ ಕಾರಣವು ಜಮೀನುದಾರನ ಕಡತದಲ್ಲಿದೆ. ಐರ್ಲೆಂಡಿನಲ್ಲಿ ಗೇಣಿಯನ್ನು ವರ್ಷಕ್ಕೆರಡು ಕಂತುಗಳಲ್ಲಿ ಕೊಡಬೇಕಾಗಿತ್ತು. ಬಹಳ ಕಡೆ ಆ ಕಂತಿನ ದಿನಗಳು ಮೇ 1 ಮತ್ತು ನವೆಂಬರ್ 1. ಬಡ ಒಕ್ಕಲು ತಿನ್ನುತ್ತಿದ್ದುದು ಆಲೂಗೆಡ್ಡೆ, ಕುಡಿಯುತ್ತಿದ್ದುದು ಮಜ್ಜಿಗೆ. ಬೆಣ್ಣೆ ಅವನ ಬಾಯಿಗಲ್ಲ. ಅದು ಮರದ ಪೀಪಾಯಿಯನ್ನು ಸೇರಿ ಪೇಟೆಗೆ ಹೋಗಿ ಗೇಣಿಯ ನಾಣ್ಯವಾಗಿ ತಿರುಗಬೇಕು. ದಕ್ಷಿಣದ ಕಾರ್ಕ್ ನಗರದಲ್ಲಿ 1770ರಲ್ಲಿ ವ್ಯವಸ್ಥೆಗೊಂಡು 1924ರಲ್ಲಿ ಮುಚ್ಚಿದ ಬೆಣ್ಣೆಯ ಮಾರುಕಟ್ಟೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಪಂಚದಲ್ಲೆಲ್ಲ ದೊಡ್ಡದೆಂದು ಹೆಸರಾಗಿತ್ತು. ಅಲ್ಲಿ ಪರೀಕ್ಷಕನು ಪ್ರತಿಯೊಂದು ಪೀಪಾಯಿಯನ್ನೂ ನೋಡಿ ದರ್ಜೆಯನ್ನು ಗೊತ್ತುಮಾಡುತ್ತಿದ್ದನು. ಒಂದು ದರ್ಜೆ ಇಳಿದರೆ ಬೆಲೆ ಇಳಿಯಿತು. ಬೆಲೆ ಇಳಿದರೆ ಗೇಣಿ ಬಾಕಿ. ಬಾಕಿ ಬೆಳೆದರೆ ಮನೆಯಿಂದ ಹೊರಕ್ಕೆ. ಮೇ ತಿಂಗಳ ಹಿಂದಿನ ರಾತ್ರಿ ಆ ಮನೆಯಾಕೆಯು ಕಾಯುತ್ತಿದ್ದುದು ಬೆಣ್ಣೆಯ ರೂಪದಲ್ಲಿದ್ದ ತನ್ನ ಮನೆಯ ಸೂರನ್ನು.

ಬೆಣ್ಣೆ ಬಾರದಿರುವುದಕ್ಕೆ ಕಾರಣಗಳು ಬಹಳ. ಕೆನೆಯ ಶಾಖವು ಸ್ವಲ್ಪ ಹೆಚ್ಚು ಕಡಿಮೆಯಾದರೂ ಬೆಣ್ಣೆ ಕೂಡುವುದಿಲ್ಲ. ಮರದ ಪಾತ್ರೆಯ ಸಂದುಗಳಲ್ಲಿ ಸೇರಿದ ಸೂಕ್ಷ್ಮಜೀವಿಗಳು ಕೆನೆಯನ್ನು ಕೆಡಿಸುತ್ತವೆ. ಮೇವಿನ ದೋಷ, ಹಸುವಿನ ರೋಗ, ಇವುಗಳಿಂದಲೂ ಕೆಡುತ್ತದೆ. ಕುಲುಮೆಯಲ್ಲೋ ಒಲೆಯಲ್ಲೋ ಕಾಯಿಸಿದ ಕಬ್ಬಿಣದ ತುಂಡನ್ನು ಪಾತ್ರೆಯ ಕೆಳಗೆ ಇಟ್ಟರೆ ಮಾಟಗಾತಿಗೆ ಸುಡುತ್ತದೆಂದು ಅವರು ನಂಬಿದ್ದರು. ಮಾಟಗಾತಿಗೆ ಸುಟ್ಟಿತೋ ಇಲ್ಲವೋ, ತಣ್ಣಗಿದ್ದ ಕೆನೆಗೆ ಕೊಂಚ ಬಿಸಿ ತಗುಲಿ ಬೆಣ್ಣೆ ಕೂಡಿದ್ದುಂಟು. ಕಡೆಯುವ ಹೊತ್ತಿನಲ್ಲಿ ಯಾರು ಒಳಗೆ ಬಂದರೂ ಕಡೆಗೋಲಿಗೆ ಕೈಹಾಕಿ ನಾಲ್ಕು ಸಲ ಕಡೆದೇ ಹೋಗಬೇಕೆಂಬ ನಿಯಮವಿತ್ತು. ಬಂದವರ ಮನಸ್ಸಿನಲ್ಲಿ ಕೆಡುಕಿಲ್ಲವೆಂಬುದಕ್ಕೆ ಅದು ಸಾಕ್ಷಿ, ದಣಿದ ತೋಳಿಗೆ ಅದು ಸಹಾಯ. ಈ ಮಟ್ಟಿಗೆ ಆಚಾರವು ಜನರನ್ನು ಕೂಡಿಸಿತೆನ್ನಬಹುದು.

ಆದರೆ ಕಳವಿನ ನಂಬಿಕೆಯಿದ್ದ ಮೇಲೆ ಕಳ್ಳರು ಇರಲೇಬೇಕು. ಕಳ್ಳರು ಯಾರು? ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಐರ್ಲೆಂಡನ್ನು ಕುರಿತು ಗ್ರಂಥ ಬರೆದ ವೇಲ್ಸಿನ ಪಾದ್ರಿ ಜಿರಾಲ್ಡಸನು, ಮುದುಕಿಯರು ಮೊಲದ ರೂಪವನ್ನು ತಾಳಿ ಇತರರ ಹಸುಗಳ ಮೊಲೆಯುಂಡು ಹಾಲನ್ನು ಕದಿಯುವರೆಂಬ ದೂರು ಆಗಲೇ ಹಳೆಯದಾಗಿತ್ತೆಂದು ಹೇಳುತ್ತಾನೆ. ಎಂಟು ನೂರು ವರ್ಷಗಳ ಮೇಲೆಯೂ ಅದೇ ಕಥೆ ಹಳ್ಳಿಹಳ್ಳಿಯಲ್ಲಿ ಕೇಳಿಬಂದಿತು. ಮೇ ಬೆಳಗ್ಗೆ ಮೊಲವೊಂದು ಹಸುವಿನ ಕೆಚ್ಚಲಿನಲ್ಲಿರುತ್ತದೆ. ನಾಯಿ ಕಚ್ಚುತ್ತದೆ, ಅಥವಾ ಗುಂಡು ತಗುಲುತ್ತದೆ. ಮೊಲವು ಗುಡಿಸಿಲೊಂದರ ಕಿಟಕಿಯಲ್ಲಿ ನುಗ್ಗುತ್ತದೆ. ಹಿಂಬಾಲಿಸಿ ಹೋದವರು ನೋಡಿದರೆ ಒಳಗೆ ಮುದುಕಿಯೊಬ್ಬಳು ರಕ್ತ ಸುರಿಸುತ್ತ ಕುಳಿತಿರುತ್ತಾಳೆ. ಈ ಕಥೆಯಲ್ಲಿ ಅವಳು ಯಾವಾಗಲೂ ಒಬ್ಬಳೇ, ಯಾವಾಗಲೂ ಬಡವಳು.

ಇಲ್ಲಿ ಮೇ ದಿನದ ನಿಷೇಧಗಳನ್ನು ಇನ್ನೊಮ್ಮೆ ನೆನೆಯಬೇಕು. ಬೆಂಕಿ ಕೊಡಬೇಡ, ಹಾಲು ಕೊಡಬೇಡ, ಉಪ್ಪು ಕೊಡಬೇಡ. ನೆರೆಮನೆಗೆ ಬಂದು ಕೆಂಡವನ್ನೂ ಒಂದು ಲೋಟ ಹಾಲನ್ನೂ ಕೇಳುವವರು ಯಾರು? ಹಸುವಿಲ್ಲದವರು, ಒಲೆ ಆರಿಹೋದವರು. ವರ್ಷದ ಉಳಿದ ದಿನಗಳಲ್ಲಿ ಕೊಡುವುದೇ ಆ ನಾಡಿನ ಧರ್ಮ. ಅತಿಥಿಗೆ ಇಲ್ಲವೆಂದವನಿಗೆ ಊರಿನಲ್ಲಿ ಮಾನವಿರಲಿಲ್ಲ. ಗೇಣಿಯ ದಿನವಾದ ಮೇ ಒಂದನೆಯ ತಾರೀಖಿನಂದು ಮಾತ್ರ ಇಲ್ಲವೆನ್ನುವುದಕ್ಕೆ ಅಪ್ಪಣೆ. ಅಷ್ಟೇ ಅಲ್ಲ, ಅಂದು ಕೇಳಲು ಬಂದವಳೇ ಕಳ್ಳಿಯೆಂದು ಸಂಶಯಪಡಲೂ ಅಪ್ಪಣೆ. ಬಡತನದ ಭಯವು ತನಗಿಂತ ಬಡವಳನ್ನು ಹುಡುಕಿ ಅವಳ ಮೇಲೆ ದೋಷವನ್ನು ಹೊರಿಸಿತು. ಗೇಣಿಯನ್ನು ಎತ್ತುವ ಗುಮಾಸ್ತೆಯು ಮೊಲದ ರೂಪವನ್ನು ತಾಳಿದನೆಂದು ಹೇಳುವ ಕಥೆಯನ್ನು ನಾನು ಎಲ್ಲಿಯೂ ಓದಿಲ್ಲ.

ಇನ್ನೂ ಕ್ರೂರವಾದ ಪದ್ಧತಿಯೊಂದಿತ್ತು. ಪಿಶೋಗ್ ಎಂಬ ಐರಿಷ್ ಶಬ್ದಕ್ಕೆ ಮೂಢನಂಬಿಕೆಯೆಂದೂ ಮಾಟವೆಂದೂ ಅರ್ಥ. ವೈರಿಯ ಆಲೂಗೆಡ್ಡೆಯ ಸಾಲಿನಲ್ಲೋ ಹುಲ್ಲಿನ ಬಣವೆಯಲ್ಲೋ ಗುಟ್ಟಾಗಿ ಮೊಟ್ಟೆಗಳನ್ನೂ ಕೊಳೆತ ಮಾಂಸವನ್ನೂ ಹುದುಗಿಸಿದರೆ ಅವನ ಬೆಳೆಯೂ ದನವೂ ಹಾಳಾಗುವುವೆಂದು ನಂಬಿಕೆ. ವಸಂತದ ಅಗೆತದಲ್ಲಿ ಸನಿಕೆಗೆ ಇಂಥ ಮೊಟ್ಟೆಯೊಂದು ಸಿಕ್ಕಿತೆಂದರೆ ಆ ಮನೆಯ ನೆಮ್ಮದಿ ಹೋಯಿತು. ಆಮೇಲೆ ಹಸುವೊಂದು ಕಂದು ಹಾಕಿದರೆ ಕಾರಣ ಸಿದ್ಧವಾಗಿರುತ್ತಿತ್ತು. ಹಸುಗಳು ಸಾಲಾಗಿ ಕಂದು ಹಾಕುವ ಸಾಂಕ್ರಾಮಿಕ ರೋಗದ ಸೂಕ್ಷ್ಮಜೀವಿಯನ್ನು ಡೆನ್ಮಾರ್ಕಿನ ಬೆರ್ನ್‌ಹಾರ್ಡ್ ಬಾಂಗ್ ಎಂಬ ಪಶುವೈದ್ಯನು ಕಂಡುಹಿಡಿದುದು 1897ರಲ್ಲಿ. ಆ ರೋಗದಿಂದ ಐರಿಷ್ ಗಣರಾಜ್ಯವು ಅಧಿಕೃತವಾಗಿ ಮುಕ್ತವಾದುದು 2009ರಲ್ಲಿ. ಈ ಎರಡು ವರ್ಷಗಳಿಗೆ ಹಿಂದೆ ಎಷ್ಟು ನೆರೆಹೊರೆಗಳು ಮುರಿದುವೋ ಲೆಕ್ಕವಿಟ್ಟವರಿಲ್ಲ.

ಈ ಭಯವು ಕೊಟ್ಟಿಗೆಯಲ್ಲಿಯೇ ನಿಲ್ಲಲಿಲ್ಲ. ಹೊಲಗಳ ನಡುವೆ ಐರ್ಲೆಂಡಿನಲ್ಲಿ ದುಂಡಗಿನ ಮಣ್ಣಿನ ದಿಬ್ಬಗಳುಂಟು. 40,000ಕ್ಕೂ ಮಿಕ್ಕಿ ಅಂಥವನ್ನು ಗುರುತಿಸಿದ್ದಾರೆ. ಅವು ಸಾವಿರ ವರ್ಷಕ್ಕೂ ಹಿಂದಿನ ಒಕ್ಕಲಿಗರ ಮನೆಗಳ ಆವರಣಗಳೆಂದು ಪುರಾತತ್ತ್ವಜ್ಞರು ಹೇಳುತ್ತಾರೆ. ಜನಕ್ಕೆ ಅವು ಶೀ ಎಂಬ ಯಕ್ಷಜನರ ಕೋಟೆಗಳು. ಆ ಜನರು ಹಾಲನ್ನು ಬಯಸುವರು, ಮಕ್ಕಳನ್ನೂ ಹೆಂಗಸರನ್ನೂ ಕದ್ದೊಯ್ದು ಅವರ ರೂಪದ ಇನ್ನೊಂದನ್ನು ಮನೆಯಲ್ಲಿ ಬಿಟ್ಟುಹೋಗುವರು. 1895ರ ಮಾರ್ಚ್ ತಿಂಗಳಿನಲ್ಲಿ, ಪ್ಯಾಟ್ರಿಕ್ಕನ ಹಬ್ಬಕ್ಕೆ ಎರಡು ದಿನ ಮೊದಲು, ಟಿಪ್ಪರೇರಿ ಸೀಮೆಯ ಬ್ಯಾಲಿವಾಡ್ಲಿ ಎಂಬಲ್ಲಿ ಬ್ರಿಜೆಟ್ ಕ್ಲಿಯರಿ ಎಂಬ ತರುಣಿಯನ್ನು ಅವಳ ಗಂಡನು ಮನೆಯ ಒಲೆಯ ಮುಂದೆಯೇ ಸುಟ್ಟನು. ಆಕೆ ಬಟ್ಟೆ ಹೊಲಿದು, ಕೋಳಿ ಸಾಕಿ, ತನ್ನ ಸಂಪಾದನೆಯನ್ನು ತಾನೇ ಮಾಡಿಕೊಳ್ಳುತ್ತಿದ್ದವಳು. ಕೆಲವು ದಿನ ಜ್ವರದಿಂದ ಮಲಗಿದ್ದಳು. ಇವಳು ನನ್ನ ಹೆಂಡತಿಯಲ್ಲ, ಯಕ್ಷರು ಬಿಟ್ಟುಹೋದ ರೂಪವೆಂದು ಗಂಡನ ವಾದ. ಹಾಲಿನಲ್ಲಿ ಕುದಿಸಿದ ಮೂಲಿಕೆಗಳನ್ನು ಬಲಾತ್ಕಾರದಿಂದ ಕುಡಿಸಿದರು. ತಂದೆಯೂ ಬಂಧುಗಳೂ ಸುತ್ತ ನಿಂತಿದ್ದರು. ಸುಟ್ಟ ಮೇಲೆ ಗಂಡನು ನಿಜವಾದ ಹೆಂಡತಿಯು ಬಿಳಿಯ ಕುದುರೆಯನ್ನೇರಿ ಬರುವಳೆಂದು ರಾತ್ರಿಯೆಲ್ಲ ಹತ್ತಿರದ ದಿಬ್ಬದ ಬಳಿ ಕಾದನು. ನ್ಯಾಯಸ್ಥಾನವು ಅವನಿಗೆ ಇಪ್ಪತ್ತು ವರ್ಷಗಳ ಸಜೆಯನ್ನು ವಿಧಿಸಿತು.

ಈ ಘೋರಕ್ಕೆ ಇನ್ನೊಂದು ಮುಖವುಂಟು. ಸ್ವರಾಜ್ಯದ ಮಸೂದೆಯು ಲಾರ್ಡರ ಸಭೆಯಲ್ಲಿ ಬಿದ್ದುಹೋಗಿ ಆಗಿನ್ನೂ ಎರಡು ವರ್ಷ. ಹೆಂಡತಿಯನ್ನು ಯಕ್ಷಿಣಿಯೆಂದು ಸುಡುವ ಜನಕ್ಕೆ ಸ್ವರಾಜ್ಯವೆ ಎಂದು ಕೇಳುವುದಕ್ಕೆ ವಿರೋಧಿ ಪತ್ರಿಕೆಗಳಿಗೆ ಇದೊಂದು ಅವಕಾಶವಾಯಿತು. ಹೀಗೆ ಆ ಹೆಣ್ಣಿನ ಸಾವನ್ನು ಎರಡು ಸಲ ಉಪಯೋಗಿಸಿಕೊಂಡಂತಾಯಿತು. ಪರರ ಮೂಢನಂಬಿಕೆಯನ್ನು ನೋಡಿ ನಗುವುದು ಎಷ್ಟು ಬೇಗ ಆಳುವವರ ಆಯುಧವಾಗಬಲ್ಲದೆಂಬುದಕ್ಕೆ ಇದು ನಿದರ್ಶನ. ಆದರೆ ಆ ಕಾರಣಕ್ಕಾಗಿ ನಂಬಿಕೆಯ ಕ್ರೌರ್ಯವನ್ನು ಮುಚ್ಚಿಡುವುದೂ ನ್ಯಾಯವಲ್ಲ. ಇತಿಹಾಸದ ವಿದ್ಯಾರ್ಥಿಯು ಈ ಎರಡನ್ನೂ ಒಟ್ಟಿಗೆ ಹೇಳಬೇಕಾಗಿದೆ.

ಈ ಆಚಾರಗಳು ಹೇಗೆ ಕಳಚಿಕೊಂಡುವು? ಉಪದೇಶದಿಂದ ಸ್ವಲ್ಪ, ಬಹುಮಟ್ಟಿಗೆ ಬದುಕು ಬದಲಾದುದರಿಂದ. ಮೊದಲನೆಯ ಹೊಡೆತ 1845ರಲ್ಲಿ ಆರಂಭವಾದ ಮಹಾಕ್ಷಾಮ. ಹತ್ತು ಲಕ್ಷದಷ್ಟು ಜನ ಸತ್ತರು. ಅಷ್ಟೇ ಜನ ಹಡಗು ಹತ್ತಿದರು. ಆಸ್ಕರ್ ವೈಲ್ಡನ ತಂದೆ, ವೈದ್ಯನಾದ ವಿಲಿಯಂ ವೈಲ್ಡನು, 1852ರಲ್ಲಿ ಐರಿಷ್ ಮೂಢನಂಬಿಕೆಗಳನ್ನು ಕುರಿತು ಪ್ರಕಟಿಸಿದ ಪುಸ್ತಕದಲ್ಲಿ, ಕ್ಷಾಮದೊಡನೆ ಹಳೆಯ ಹಬ್ಬಗಳೂ ಕಥೆಗಳೂ ಅಳಿದುಹೋಗುತ್ತಿವೆಯೆಂದು ಮರುಗಿದ್ದಾನೆ. ಅನಂತರ 1878ರಲ್ಲಿ ಸ್ವೀಡನ್ನಿನ ಡಿ ಲಾವಲ್ ಎಂಬಾತನು ಹಾಲಿನಿಂದ ಕೆನೆಯನ್ನು ಬೇರ್ಪಡಿಸುವ ಯಂತ್ರವನ್ನು ಮಾಡಿದನು. 1889ರಲ್ಲಿ ಲಿಮರಿಕ್ ಸೀಮೆಯ ಡ್ರೊಮ್‌ಕಾಲಹರಿನಲ್ಲಿ, ಹೊರೇಸ್ ಪ್ಲಂಕೆಟ್ಟನ ಪ್ರಯತ್ನದಿಂದ, ಐರ್ಲೆಂಡಿನ ಮೊದಲನೆಯ ಸಹಕಾರಿ ಬೆಣ್ಣೆಯ ಕಾರ್ಖಾನೆ ಏರ್ಪಟ್ಟಿತು. ಹಾಲು ಮನೆಯಿಂದ ಹೊರಟು ಕಾರ್ಖಾನೆಗೆ ಹೋಯಿತು. ಅಲ್ಲಿ ಶಾಖವನ್ನು ಅಳೆಯಲು ಉಷ್ಣಮಾಪಕವಿತ್ತು. ಮನೆಯಲ್ಲಿ ಕಡೆಯದ ಬೆಣ್ಣೆಯನ್ನು ನೆರೆಯವಳು ಕದಿಯುವುದು ಹೇಗೆ? 1903ರ ಭೂಶಾಸನದ ಮೇಲೆ ಒಕ್ಕಲುಗಳು ಸಾವಿರಗಟ್ಟಲೆಯಾಗಿ ತಮ್ಮ ಹೊಲಗಳಿಗೆ ತಾವೇ ಒಡೆಯರಾದರು. ಮೇ ಒಂದರ ಗೇಣಿಯ ನಡುಕ ಹೋಯಿತು. ಒಂದು ನಷ್ಟವೂ ಆಯಿತೆಂಬುದನ್ನು ಹೇಳಲೇಬೇಕು: ಬೆಣ್ಣೆಯ ಹಣವು ಅದುವರೆಗೆ ಹೆಂಗಸರ ಕೈಯ ದುಡಿಮೆಯಾಗಿತ್ತು, ಕಾರ್ಖಾನೆಯ ಲೆಕ್ಕದಲ್ಲಿ ಅದು ಬಹುಮಟ್ಟಿಗೆ ಗಂಡಸಿನ ಹೆಸರಿಗೆ ಸೇರಿತು.

ಅಳಿಯುತ್ತಿರುವುದನ್ನು ಬರೆದಿಡಬೇಕೆಂಬ ಆಸೆ ಆಗಲೇ ಹುಟ್ಟಿತ್ತು. ಯೇಟ್ಸ್ ಕವಿಯೂ ಲೇಡಿ ಗ್ರೆಗರಿಯೂ ಹಳ್ಳಿಯ ಕಥೆಗಳಿಂದ ಒಂದು ಸಾಹಿತ್ಯವನ್ನೇ ಕಟ್ಟಿದರು. ಆ ಬಳಗದ ಗಾಳಿ ನಮ್ಮ ನಾಡಿಗೂ ಬೀಸಿದೆ. ಬೆಲ್‌ಫಾಸ್ಟಿನಲ್ಲಿ ಹುಟ್ಟಿ ಆ ಪುನರುಜ್ಜೀವನದಲ್ಲಿ ಪಾಲುಗೊಂಡಿದ್ದ ಜೇಮ್ಸ್ ಕಸಿನ್ಸ್ ಎಂಬ ಕವಿಯು 1915ರಲ್ಲಿ ಭಾರತಕ್ಕೆ ಬಂದರು. ಮೈಸೂರಿನಲ್ಲಿ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಪುಟ್ಟಪ್ಪನವರಿಗೆ ಕನ್ನಡದಲ್ಲಿ ಬರೆಯಿರೆಂದು ಹೇಳಿದವರು ಅವರೇ. ತನ್ನ ಜನರ ಹಟ್ಟಿಯ ಮಾತಿಗೆ ಮರ್ಯಾದೆಯುಂಟೆಂಬ ಐರಿಷ್ ಅನುಭವವು ಆ ಸಲಹೆಯ ಹಿಂದಿತ್ತೆಂದು ಊಹಿಸಿದರೆ ತಪ್ಪಾಗಲಾರದು. ಆದರೂ ಕವಿಗಳು ಯಕ್ಷರನ್ನು ತೆಗೆದುಕೊಂಡು ಗೇಣಿಯನ್ನು ಬಿಟ್ಟರು. ದಿಬ್ಬದ ಸಂಗೀತವನ್ನು ಕೇಳಿದರು, ಬಣವೆಯನ್ನು ಅಳೆಯಲಿಲ್ಲ.

ಆ ಕೊರತೆಯನ್ನು ತುಂಬಿದುದು 1935ರಲ್ಲಿ ಸರ್ಕಾರವು ಸ್ಥಾಪಿಸಿದ ಐರಿಷ್ ಜಾನಪದ ಆಯೋಗ. ಜೇಮ್ಸ್ ಡಿಲಾರ್ಗಿ ಎಂಬ ವಿದ್ವಾಂಸರು ಅದರ ನಿರ್ದೇಶಕರು. 1937ರಿಂದ ಆಯೋಗವು ಒಂದು ಅಪೂರ್ವ ಕೆಲಸವನ್ನು ನಡೆಸಿತು: ಸುಮಾರು 5,000 ಪ್ರಾಥಮಿಕ ಶಾಲೆಗಳ 50,000ದಷ್ಟು ಮಕ್ಕಳಿಗೆ, ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿರೆಂದು ಹೇಳಿತು. ಹನ್ನೊಂದು ಹದಿನಾಲ್ಕು ವರ್ಷಗಳ ಮಕ್ಕಳು ತಮ್ಮ ನೋಟ್‌ಪುಸ್ತಕಗಳಲ್ಲಿ ಅಜ್ಜಿಯ ಬಾಯಿಂದ ಬಂದಂತೆ ಬರೆದುದರಲ್ಲಿ ಬೆಣ್ಣೆಯೂ ಇದೆ, ಮೊಲವೂ ಇದೆ, ಮೊಟ್ಟೆಯೂ ಇದೆ. ಈ ಆಯೋಗದ ಸಂಗ್ರಹವನ್ನು 2017ರಲ್ಲಿ ಯುನೆಸ್ಕೊ ಸಂಸ್ಥೆಯು ಪ್ರಪಂಚದ ನೆನಪಿನ ಪಟ್ಟಿಗೆ ಸೇರಿಸಿತು. ನಗದೆ, ಮರುಳಾಗದೆ ಬರೆದಿಟ್ಟ ಭಯದ ಚರಿತ್ರೆ ಅದು.

ಈಗ ಐರ್ಲೆಂಡು ಐಶ್ವರ್ಯವಂತ ದೇಶ. 2023ರಿಂದ ಬ್ರಿಜಿಡ್ಡಳ ಹಬ್ಬಕ್ಕೆ ಸರ್ಕಾರಿ ರಜೆ ಬಂದಿದೆ. ಶಾಲೆಯ ಮಕ್ಕಳು ಜೊಂಡಿನ ಶಿಲುಬೆಗಳನ್ನು ಹೆಣೆಯುತ್ತಾರೆ. 1999ರಲ್ಲಿ ಕ್ಲೇರ್ ಸೀಮೆಯಲ್ಲಿ ಹೆದ್ದಾರಿಗಾಗಿ ಯಕ್ಷರ ಮುಳ್ಳುಗಿಡವೊಂದನ್ನು ಕಡಿಯಬಾರದೆಂದು ಕಥೆಗಾರ ಎಡ್ಡಿ ಲೆನಿಹನ್ ಎತ್ತಿದ ಕೂಗಿಗೆ ಓಗೊಟ್ಟು ಆ ಗಿಡವನ್ನು ಉಳಿಸಿದರು. ಭಯವು ಹೋದಮೇಲೆ ಉಳಿದ ಆಚಾರವು ಚೆಲುವಾಗಿರುತ್ತದೆ. ಅದನ್ನು ಉಳಿಸಿಕೊಳ್ಳುವುದರಲ್ಲಿ ದೋಷವೇನೂ ಇಲ್ಲ. ಆದರೆ ಬಾಗಿಲ ಮೇಲಿನ ಆ ಶಿಲುಬೆಯನ್ನು ನೋಡುವಾಗ, ಒಂದು ಕಾಲದಲ್ಲಿ ಅದರ ಒಳಗಡೆ ಗೇಣಿಯನ್ನು ಎಣಿಸುತ್ತ ಎಚ್ಚರವಾಗಿದ್ದ ಗೃಹಿಣಿಯನ್ನೂ, ಹೊರಗಡೆ ಕೆಂಡ ಕೇಳಲು ಬಂದು ಕಳ್ಳಿಯೆನ್ನಿಸಿಕೊಂಡು ಹಿಂತಿರುಗಿದ ಮುದುಕಿಯನ್ನೂ ಒಟ್ಟಿಗೆ ನೆನೆಯುವುದು ಲೇಸು. ಇಬ್ಬರದೂ ಒಂದೇ ಬಡತನ. ಬಾಗಿಲು ಮಾತ್ರ ನಡುವೆ ಇತ್ತು.